ಅಡುಗೆಮನೆಯಲ್ಲಿ ಶುರುವಾದ ಲೆಕ್ಕ

ನಾನು ಕೆಲಸಕ್ಕೆ ಸೇರಿದ ವರ್ಷವೇ ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿತು. ಹಳೆಯ ಪಠ್ಯಪುಸ್ತಕವನ್ನೇ ಇಟ್ಟುಕೊಳ್ಳಬೇಕೋ, ಹೊಸದಕ್ಕೆ ಕಾಯಬೇಕೋ ನಮ್ಮ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. “ಪುಸ್ತಕ ಬಪ್ಪಲ್ಲಿವರೆಗೆ ಮಗ್ಗಿ ಹೇಳ್ಸಿ” ಎಂದರು ಹೆಡ್‌ಮಾಸ್ಟರು ಅಣ್ಣಪ್ಪಯ್ಯ. ಪುಸ್ತಕ ಬಂದ ಮೇಲೂ ಅವರು ಹೇಳಿದ್ದು ಅದನ್ನೇ.

ಈಗ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದರೆ ವರ್ಗಾವಣೆಯ ಬಗ್ಗೆ ಕೇಳುತ್ತಾರೆ, ಬಡ್ತಿಯ ಬಗ್ಗೆ ಕೇಳುತ್ತಾರೆ. ಅದರಲ್ಲಿ ನನಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಸಿಕ್ಕಿದಾಗ ಸಿಕ್ಕಿತು, ಸಿಕ್ಕದಾಗ ಇಲ್ಲ. ಆದರೆ ಒಂದನೇ ಕ್ಲಾಸಿನ ಮಗುವಿಗೆ ಲೆಕ್ಕ ಎಲ್ಲಿಂದ ಬರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಕಾಫಿ ಆರುವವರೆಗೂ ಮಾತಾಡಿಯೇನು. ಕೇಳುವವರು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತೌರು ಬಾರ್ಕೂರು. ಟ್ರೇನಿಂಗ್ ಮುಗಿಸಿದ ಕೂಡಲೇ ನಾವುಂದದ ಕಡಲ ಬದಿಯ ಒಂದು ಚಿಕ್ಕ ಶಾಲೆಗೆ ಹಾಕಿದರು. ಶಾಲೆಯೆಂದರೆ ಮಣ್ಣಿನ ಗೋಡೆ, ಹುಲ್ಲಿನ ಮಾಡು, ಎದುರಿಗೆ ಹೊಯ್ಗೆಯ ಅಂಗಳ. ಗಾಳಿ ಜೋರಾದ ದಿನ ಸ್ಲೇಟಿನ ಮೇಲೆ ಬರೆದ ಅಕ್ಷರದ ಮೇಲೂ ಮರಳು ಕೂರುತ್ತಿತ್ತು. ಅಣ್ಣಪ್ಪಯ್ಯ ಮಾಸ್ಟ್ರು ಮೇಲಿನ ಕ್ಲಾಸುಗಳನ್ನು ನೋಡಿಕೊಳ್ಳುತ್ತಿದ್ದರು. ಒಂದನೆಯದು ಮತ್ತು ಎರಡನೆಯದು ನನಗೆ. ಮಾಸ್ಟ್ರು ನಶ್ಯ ಸೇದುವವರು. ಮಕ್ಕಳು ಮಗ್ಗಿ ತಪ್ಪಿದರೆ ಅವರಿಗೆ ಸೀನು ಬರುತ್ತಿತ್ತು, ಸರಿ ಹೇಳಿದರೂ ಬರುತ್ತಿತ್ತು. ಒಳ್ಳೆಯ ಮನುಷ್ಯ. ನನ್ನ ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಜಗಳವಾಡಿದ್ದು ಅವರ ಜೊತೆ, ನಿವೃತ್ತರಾದ ಮೇಲೂ ಮನೆಗೆ ಹೋಗಿ ಕಂಡು ಬರುತ್ತಿದ್ದುದು ಅವರನ್ನೇ.

ಎರಡನೇ ವರ್ಷ ಶಾಲೆ ಶುರುವಾದಾಗ ರಘು ಬಂದ. ಊರಿನ ಜೀನಸು ಅಂಗಡಿ ನಾರಾಯಣ ಅವರ ಮಗ. ಗದ್ದೆಯೂ ಇತ್ತು, ಅಂಗಡಿಯೂ ಇತ್ತು, ಮನೆ ತುಂಬ ಜನ. ಅಜ್ಜ ಕೈಹಿಡಿದು ಕರೆತಂದು ಹೆಡ್‌ಮಾಸ್ಟರ ಎದುರು ನಿಲ್ಲಿಸಿ “ಹೇಳ್ ಮಗಾ” ಎಂದರು. ಹುಡುಗ ಕಣ್ಣು ಮುಚ್ಚಿ ಒಂದರ ಮಗ್ಗಿಯಿಂದ ಹಿಡಿದು ಹತ್ತರವರೆಗೆ ಉಸಿರು ತೆಗೆಯದೆ ಹೇಳಿಬಿಟ್ಟ. ಮಾಸ್ಟ್ರಿಗೆ ಆನಂದದಿಂದ ಸೀನು ಬಂತು.

“ಕಾಣಿ ಲಲಿತಾ ಟೀಚರ್! ಹೀಂಗೆ ಬರ್ಕ್ ಮಕ್ಳ್!”

ನನಗೂ ಖುಷಿಯೇ ಆಯಿತು. ಕ್ಲಾಸಿಗೆ ಕರೆದುಕೊಂಡು ಹೋಗಿ, ಡಬ್ಬಿಯಿಂದ ನಾಲ್ಕು ಬಳಪದ ಕಡ್ಡಿ ತೆಗೆದುಕೊಂಡು ಬಾ ಎಂದೆ. ಅವನು ಹೋಗಿ ಒಂದು ಮುಷ್ಟಿ ತಂದ.

“ಇಷ್ಟ್ ಸಾಕಾ ಟೀಚರ್?”

“ನಾಲ್ಕು ಹೇಳಿದ್ದು ನಾನು.”

ಅವನು ಮತ್ತೆ ಹೋಗಿ ಇನ್ನೊಂದು ಮುಷ್ಟಿ ತಂದ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಅಲ್ಲ, ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ನಾಲ್ಕು ಎಂಬುದು ಮೂರು ಮತ್ತು ಐದರ ನಡುವೆ ಬರುವ ಒಂದು ಸದ್ದು, ಅಷ್ಟೇ. ಆ ಸದ್ದಿಗೂ ಕೈಯಲ್ಲಿದ್ದ ಕಡ್ಡಿಗೂ ಸಂಬಂಧ ಉಂಟು ಎಂದು ಅವನಿಗೆ ಯಾರೂ ತೋರಿಸಿರಲಿಲ್ಲ.

ರಘುವಿನ ಬೆಂಚಿನಲ್ಲೇ ಗುಲಾಬಿ ಎಂಬ ಹುಡುಗಿ ಇದ್ದಳು. ಅಪ್ಪ ದೋಣಿಗೆ ಹೋಗುವವರು, ತಾಯಿ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗುವವಳು. ಗುಲಾಬಿಗೆ ಒಂದು, ಎರಡು ಎಂದು ಎಣಿಸಲಿಕ್ಕೂ ಸರಿಯಾಗಿ ಬರುತ್ತಿರಲಿಲ್ಲ. ಒಂದು ದಿನ ಮಕ್ಕಳಿಗೆ ಹಂಚಲು ಒಂದಷ್ಟು ಹುಣಸೆ ಬೀಜ ಕೊಟ್ಟೆ. ಅವಳು ಎಲ್ಲರ ಮುಂದೆ ಒಂದೊಂದು ಇಡುತ್ತ, ಸುತ್ತು ಮುಗಿದ ಮೇಲೆ ಮತ್ತೆ ಒಂದೊಂದು ಇಡುತ್ತ, ಕಣ್ಣಳತೆಯಲ್ಲೇ ಹಂಚಿ, ಉಳಿದದ್ದನ್ನು ನನಗೆ ವಾಪಸು ಕೊಟ್ಟಳು. ಎಲ್ಲರಿಗೂ ಸಮ.

“ನಿನಗೆ ಇದು ಯಾರು ಕಲಿಸಿದ್ದು?”

“ಸಮ ಪಾಲ್ ಮಾಡದಿರೆ ತಮ್ಮ ಗಲಾಟಿ ಮಾಡ್ತ, ಟೀಚರ್.”

ಭಾಗಾಕಾರ ನಮ್ಮ ಪಠ್ಯದಲ್ಲಿ ಬರುತ್ತಿದ್ದದ್ದು ಎಷ್ಟೋ ಮುಂದೆ. ಅವಳ ಮನೆಯಲ್ಲಿ ಅದು ದಿನಾ ನಡೆಯುತ್ತಿತ್ತು. ಮಗ್ಗಿ ಬರುವ ಹುಡುಗನಿಗೆ ನಾಲ್ಕು ಗೊತ್ತಿಲ್ಲ, ಎಣಿಕೆ ಬರದ ಹುಡುಗಿಗೆ ಪಾಲು ಗೊತ್ತು. ಟ್ರೇನಿಂಗಿನಲ್ಲಿ ನಮಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಮಕ್ಕಳ ಮನೆಗಳಲ್ಲಿ ಏನು ನಡೆಯುತ್ತದೆ ನೋಡಬೇಕು ಎಂದು ನನಗೆ ಅನ್ನಿಸಿದ್ದು ಆಗ.

ಒಂದು ಸಂಜೆ ರಘುವಿನ ಮನೆಗೆ ಹೋದೆ. ಅವನ ತಾಯಿ ವನಜಕ್ಕ ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವಳಿರಬೇಕು, ಸೊಂಟದಲ್ಲಿ ಇನ್ನೂ ನಡೆಯಲು ಕಲಿಯುತ್ತಿದ್ದ ಮಗಳು ಸುಮತಿ. ಟೀಚರು ಮನೆಗೆ ಬಂದರು ಎಂದರೆ ಮಗ ಏನೋ ಮಾಡಿದ್ದಾನೆ ಎಂದು ಅವಳ ಮುಖ ಸಣ್ಣದಾಯಿತು. ನಾನು ಕಡ್ಡಿಯ ವಿಷಯ ಹೇಳಿದೆ.

“ನಂಗೆ ಒಂದ್ ಅಕ್ಷರವೂ ಬತ್ತಿಲ್ಲೆ ಟೀಚರೇ. ಮಗ್ಗಿ ಅವ್ನ ಅಜ್ಜ ಕಲ್ಸಿದ್ದ್. ನಾನೆಂತ ಹೇಳಿಕೊಡುದ್?”

“ನೀವ್ ದಿನಾ ಅಕ್ಕಿ ಅಳೆಯೂದಿಲ್ಯಾ, ವನಜಕ್ಕ?”

“ಅಳಿತೆ.”

“ಇನ್ನ್ ಮೇಲೆ ಪಾವು ಅವ್ನ ಕೈಲಿ ಕೊಡಿ. ಊಟಕ್ಕೆ ಎಲೆ ಹಾಕುದೂ ಅವ್ನ್ ಕೆಲ್ಸ. ಕಡ್ಮಿ ಬಿದ್ರೆ ಹೇಳ್ಬೇಡಿ, ಅವ್ನೇ ಕಾಣ್ಲಿ.”

ಅವಳು ನನ್ನನ್ನು ನೋಡಿದ ರೀತಿಯಲ್ಲಿ, ಟೀಚರಿಗೆ ತಲೆ ಸರಿ ಇದೆಯೋ ಇಲ್ಲವೋ ಎಂಬ ಸಂಶಯ ಸ್ಪಷ್ಟವಾಗಿತ್ತು. ಆದರೂ ಹೂಂ ಎಂದಳು.

ಮರುದಿನವೇ ಎಡವಟ್ಟಾಯಿತು. ರಘು ಕೈತುಂಬ ಬಾಳೆ ಎಲೆ ತಂದು ತನಗೆ ಚಂದ ಕಂಡಷ್ಟು ಹಾಕಿ ಕೈ ತೊಳೆದುಕೊಂಡ. ಎಲ್ಲರೂ ಕೂತರು, ಅಜ್ಜನಿಗೆ ಎಲೆಯಿಲ್ಲ. ಮಗ್ಗಿ ಕಲಿಸಿದ ಅಜ್ಜ ಹೆಗಲಿಗೆ ಬೈರಾಸು ಹಾಕಿಕೊಂಡು ನಿಂತೇ ಇದ್ದರು. ವನಜಕ್ಕ ನಾನು ಹೇಳಿದ ಮಾತು ನೆನೆದು ಬಾಯಿ ಬಿಡಲಿಲ್ಲ. ಹುಡುಗ ಎಲೆ ನೋಡಿದ, ಜನ ನೋಡಿದ, ಅಜ್ಜನನ್ನು ನೋಡಿದ, ಓಡಿಹೋಗಿ ಒಂದು ಎಲೆ ತಂದ. ಆದರೆ ಅಷ್ಟರಲ್ಲಿ ಅಜ್ಜಿ ಪದ್ದಮ್ಮನಿಗೆ ಇದೆಲ್ಲ ಯಾರ ಉಪದೇಶ ಎಂದು ಗೊತ್ತಾಗಿ ಹೋಗಿತ್ತು. ಆ ಮನೆಯಲ್ಲಿ ಗಂಡಸರು ಜೋರಾಗಿ ಮಾತಾಡುತ್ತಿದ್ದರು, ನಡೆಯುತ್ತಿದ್ದದ್ದು ಪದ್ದಮ್ಮನ ಮಾತು.

ಪದ್ದಮ್ಮ ಶಾಲೆಗೇ ಬಂದು ಅಂಗಳದಲ್ಲಿ ನಿಂತು ಕೂಗಿದರು.

“ಹ್ವಾಯ್ ಟೀಚರೇ! ಗಂಡ್ ಹುಡ್ಗನ್ನ ಅಡ್ಗಿಮನಿಗೆ ಹೊಗ್ಸುಕೆ ನಿಮ್ಗೆ ಸರ್ಕಾರ ಸಂಬ್ಳ ಕೊಡುದಾ?”

ಮಾಸ್ಟ್ರು ನಶ್ಯದ ಡಬ್ಬಿ ಹಿಡಿದು ಒಳಗೇ ಉಳಿದರು. ನಾನು ಹೊರಗೆ ಹೋಗಿ, ಹುಡುಗನಿಗೆ ಅಂಗಡಿಯಲ್ಲಿ ನಾಳೆ ಅಳೆಯಲು ಬರಬೇಕಲ್ಲ, ಮನೆಯಲ್ಲಿ ಅಳೆದು ಕಲಿಯಲಿ ಎಂದೆ. ಅಂಗಡಿಯ ಮಾತು ಬಂದ ಮೇಲೆ ಪದ್ದಮ್ಮ ಸ್ವಲ್ಪ ತಣ್ಣಗಾದರು. “ಅನ್ನಕ್ಕೆ ನೀರ್ ಹಾಕುಕೆ ಕಲ್ಸ್‌ಬೇಡಿ ಮತ್ತೆ” ಎಂದು ಹೇಳಿ ಹೋದರು.

ಎರಡನೇ ಸಲ ಅವರು ಬಂದದ್ದು ಚೆನ್ನೆಮಣೆಯ ಗಲಾಟೆಗೆ. ಗುಳಿಗಳಲ್ಲಿ ಬೀಜ ಹಾಕುತ್ತ ಹೋಗುವ ಆ ಆಟದಲ್ಲಿ ಪ್ರತಿ ಗುಳಿಗೆ ನಾಲ್ಕು ಬೀಜ ಹಾಕಿ ಶುರು ಮಾಡುವುದು. ರಘುವಿಗೆ ನಾಲ್ಕು ಕಲಿಸಲು ಇದಕ್ಕಿಂತ ಒಳ್ಳೆಯದು ಏನುಂಟು ಎಂದು ನನಗೆ ಹೊಳೆದದ್ದೇ ದೊಡ್ಡ ಸಂಶೋಧನೆಯ ಹಾಗೆ ಕಂಡಿತ್ತು. ಯಾರದೋ ಮನೆಯಿಂದ ಮರದ ಮಣೆ ತರಿಸಿ ಕ್ಲಾಸಿನಲ್ಲಿ ಆಡಿಸಿದೆ. ಚಳಿಗಾಲ. ಆ ಆಟವನ್ನು ಮಳೆಗಾಲದ ಆಸಾಡಿ ತಿಂಗಳಲ್ಲಿ ಮಾತ್ರ ಆಡಬೇಕು, ಉಳಿದ ಕಾಲದಲ್ಲಿ ಮಣೆ ಅಟ್ಟದಿಂದ ಇಳಿಯಬಾರದು ಎಂಬುದನ್ನು ನಾನು ತಿಳಿದೂ ಲೆಕ್ಕಕ್ಕೆ ಹಿಡಿಯಲಿಲ್ಲ.

“ಆಸಾಡಿ ಕಳ್ದ್ ಎಷ್ಟ್ ತಿಂಗ್ಳಾಯ್ತ್? ಈಗ ಚೆನ್ನೆಮಣಿ ಆಡಿರೆ ಮನಿಗೆ ಒಳ್ಳೇದಾತ್ತಾ?”

“ಮಕ್ಳಿಗೆ ಲೆಕ್ಕ ಬತ್ತ್, ಪದ್ದಮ್ಮ.”

“ಲೆಕ್ಕ ಬಪ್ಪುಕೆ ಮಗ್ಗಿ ಇಲ್ಯಾ?”

“ನಾನೂ ಅದನ್ನೇ ಹೇಳುದ್” ಎಂದು ಒಳಗಿನಿಂದ ಮಾಸ್ಟ್ರ ಸ್ವರ ಬಂತು.

ಪದ್ದಮ್ಮ ಇನ್ನೂ ಬೈಯುವವರಿದ್ದರು. ಆದರೆ ಅವರ ಕಣ್ಣು ಮಣೆಯ ಮೇಲೆ ಬಿತ್ತು. ಗುಲಾಬಿ ಎದುರು ಕೂತಿದ್ದ ಹುಡುಗಿ ತಪ್ಪು ಗುಳಿಯಿಂದ ಬೀಜ ಎತ್ತಿದ್ದಳು. “ಅಲ್ಲ ಹೆಣ್ಣೆ, ಅದ್ರಿಂದ ಅಲ್ಲ, ಆಚಿ ಗುಳಿಯಿಂದ ತೆಗಿ” ಎಂದು ಬಾಯಿಗೆ ಬಂದೇಬಿಟ್ಟಿತು. ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ ಕೂತರು. ಕೂತ ಮೇಲೆ ಉಪಾಯವನ್ನೂ ಅವರೇ ಹೇಳಿದರು.

“ಮಣಿಲಿ ಆಡುಕಾಗ. ಹೊಯ್ಗಿಲಿ ಗುಳಿ ತೋಡಿ ಆಡಿರೆ ದೋಷ ಇಲ್ಲೆ.”

ಇದು ಶಾಸ್ತ್ರದಲ್ಲಿ ಉಂಟೋ ಇಲ್ಲವೋ ನನಗೆ ಗೊತ್ತಿಲ್ಲ. ಪದ್ದಮ್ಮ ಹೇಳಿದ ಮೇಲೆ ಊರಿನಲ್ಲಿ ಬೇರೆ ಯಾರೂ ತಕರಾರು ಮಾಡಲಿಲ್ಲ. ಶಾಲೆಯ ಅಂಗಳ ತುಂಬ ಸಾಲು ಸಾಲು ಗುಳಿಗಳಾದವು.

ಆ ಗುಳಿಯೊಳಗೆ ಒಂದು ದಿನ ಶಾಲಾ ಇನ್‌ಸ್ಪೆಕ್ಟರು ಕಾಲಿಟ್ಟರು. ಕಚ್ಚೆಪಂಚೆ, ಕೋಟು, ಕೈಯಲ್ಲಿ ಕೊಡೆ. ಗಂಭೀರವಾಗಿ ಅಂಗಳ ದಾಟುತ್ತಿದ್ದವರು ಇದ್ದಕ್ಕಿದ್ದಂತೆ ಮೊಣಕಾಲೂರಿದರು. ಕೊಡೆ ಒಂದು ಕಡೆ, ಕನ್ನಡಕ ಒಂದು ಕಡೆ. ಮಾಸ್ಟ್ರು ಓಡಿಹೋಗಿ ಎಬ್ಬಿಸಿದರು.

“ಏನ್ರೀ ಈ ಗುಂಡಿಗಳು?”

“ಬದನೆ ಗಿಡ ನೆಡ್ಲಿಕ್ಕೆ ಸರ್. ಶಾಲಾ ತೋಟ.”

“ಅಲ್ಲ ಸರ್, ಚೆನ್ನೆಮಣೆ!” ಎಂದು ಮಕ್ಕಳು ಒಟ್ಟಿಗೆ ಕೂಗಿದವು.

ನನ್ನ ಕೆಲಸ ಹೋಯಿತು ಎಂದೇ ತಿಳಿದೆ. ಇನ್‌ಸ್ಪೆಕ್ಟರು ಕನ್ನಡಕ ಒರೆಸಿಕೊಂಡು ಗುಳಿಗಳನ್ನು ನೋಡಿದರು. “ಯಾರಿಗೆ ಬರ್ತದೆ?” ಎಂದರು. ರಘು ಮುಂದೆ ಬಂದ. ಇಬ್ಬರೂ ಕುಕ್ಕರಗಾಲಿನಲ್ಲಿ ಕೂತರು. ದೊಡ್ಡವರು ಚೆನ್ನಾಗಿಯೇ ಆಡುತ್ತಿದ್ದರು, ಗೆಲ್ಲುತ್ತಲೂ ಇದ್ದರು. ಒಂದು ಸುತ್ತಿನಲ್ಲಿ ಅವರು ಬೀಜ ಹಾಕುತ್ತ ಹೋಗುವಾಗ ಅವರ ಕೈಯನ್ನೇ ನೋಡುತ್ತಿದ್ದ ರಘು ತಟ್ಟನೆ ಹೇಳಿದ:

“ಸರ್, ಒಂದ್ ಗುಳಿ ಬಿಟ್ಟ್ರಿ.”

ಮಾಸ್ಟ್ರು ಹಿಂದಿನಿಂದ ಅವನ ಕಿವಿ ಹಿಡಿಯಲು ಕೈ ಚಾಚಿದರು. ಇನ್‌ಸ್ಪೆಕ್ಟರು ಎಣಿಸಿ ನೋಡಿ “ಹೌದು ಮಾರಾಯ!” ಎಂದು ನಕ್ಕರು. ನಾಲ್ಕು ಕಡ್ಡಿ ತರಲಾಗದ ಹುಡುಗ ಇವನೇ. ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು.

ಕುಣಿತ ಹೆಚ್ಚು ಹೊತ್ತು ಉಳಿಯಲಿಲ್ಲ. ಒಳಗೆ ಹೋಗಿ ಅವರು ಮಕ್ಕಳಿಗೆ ಮಗ್ಗಿ ಕೇಳಿದರು. ರಘುವೊಬ್ಬ ಬಿಟ್ಟರೆ ಉಳಿದ ಯಾರಿಗೂ ಬರಲಿಲ್ಲ. ಆಡಿದ್ದನ್ನು ಕೂಡಿಸಿ ಸ್ಲೇಟಿನಲ್ಲಿ ಬರೆಯಿರಿ ಎಂದರು. ಗುಲಾಬಿ ಸ್ಲೇಟಿನಲ್ಲಿ ಚಂದದ ಒಂದು ದೋಣಿ ಬರೆದಳು. ಆಟದ ಅಮಲಿನಲ್ಲಿ ನಾನು ಮಗ್ಗಿಯನ್ನೂ ಬರವಣಿಗೆಯನ್ನೂ ಕೈಬಿಟ್ಟಿದ್ದೆ. ಇನ್‌ಸ್ಪೆಕ್ಟರು ಗದರಲಿಲ್ಲ. “ಟೀಚರ್, ಮಕ್ಕಳ ಕೈಗೆ ಲೆಕ್ಕ ಬಂದಿದೆ. ಸ್ಲೇಟಿಗೂ ಬರಬೇಕಲ್ಲ. ಪ್ರತಿ ಆಟ ಮುಗಿದ ಮೇಲೆ ಬರೆಸಿ” ಎಂದರು. ಆ ಒಂದು ಮಾತಿಗೆ ನಾನು ಇವತ್ತಿಗೂ ಋಣಿ. ಮಾಸ್ಟ್ರು ಎರಡು ದಿನ ನನ್ನ ಎದುರು ಗೆದ್ದವರ ಹಾಗೆ ನಶ್ಯ ಸೇದಿದರು. ಆಮೇಲೆ ಅವರು ಒಂದು ಕಡೆಯಿಂದ ಮಗ್ಗಿ, ನಾನು ಇನ್ನೊಂದು ಕಡೆಯಿಂದ ಬೀಜ, ಹೀಗೆ ರಾಜಿಯಾಯಿತು. ಇಬ್ಬರಿಗೂ ಅದರಿಂದ ನಷ್ಟವಾಗಲಿಲ್ಲ.

ವನಜಕ್ಕನ ವಿಷಯಕ್ಕೆ ಬರುತ್ತೇನೆ. ಮಗನಿಗೆ ಕಲಿಸಲು ಹೊರಟವಳು ತಾನೂ ಹಿಂದೆ ಬೀಳಲಿಲ್ಲ. ರಘು ಮನೆಯಲ್ಲಿ ಸ್ಲೇಟು ಹಿಡಿದು ಕೂತರೆ ಅವಳು ತರಕಾರಿ ಹೆಚ್ಚುತ್ತ ಪಕ್ಕದಲ್ಲಿ ಕೂರುತ್ತಿದ್ದಳು. “ಅದ್ ಎಂತ ಬರ್ದದ್ದ್? ಇದ್ ಎಂತಕೆ ಕೆಳಗ್ ಬಂತ್?” ಎಂದು ಕೇಳುವುದು. ಹುಡುಗ ತಾಯಿಗೆ ವಿವರಿಸಬೇಕಾದಾಗ ತನಗೇ ಸರಿಯಾಗಿ ಗೊತ್ತಾಗುತ್ತಿತ್ತು. ಹಾಗೆ ಒಲೆಯ ಎದುರು, ಮಗನ ಸ್ಲೇಟಿನ ಮೇಲೆ, ಅವಳು ಅಕ್ಷರ ಕಲಿತಳು. ನಾನು ಹೇಳಿಕೊಟ್ಟದ್ದಲ್ಲ. ಒಂದು ದಿನ ದಾರಿಯಲ್ಲಿ ಸಿಕ್ಕಿ ಬಸ್ಸಿನ ಬೋರ್ಡು ತೋರಿಸಿ, “ಟೀಚರೇ, ಅದ್ ಬೈಂದೂರ್ ಅಲ್ದಾ?” ಎಂದಾಗಲೇ ನನಗೆ ತಿಳಿದದ್ದು. ಅವಳ ಮುಖದಲ್ಲಿ ಆ ದಿನ ಇದ್ದ ನಗುವನ್ನು ನಾನು ಆಮೇಲೆ ಹಲವು ಮಕ್ಕಳ ಮುಖದಲ್ಲಿ ಹುಡುಕಿದ್ದೇನೆ.

ಅಷ್ಟರಲ್ಲಿ ಕಿಲೋ, ಲೀಟರು ಬಂದವು. ಶಾಲೆಯಲ್ಲಿ ನಾವು ಸೇರು, ಪಾವು ಬಿಟ್ಟು ಹೊಸದನ್ನು ಕಲಿಸಬೇಕು. ನಮಗೇ ನಾಲಿಗೆ ಹೊರಳುತ್ತಿರಲಿಲ್ಲ. ನಾರಾಯಣ ಅವರ ಅಂಗಡಿಯಲ್ಲಿ ಹಳೆಯ ಅಳತೆಗಳನ್ನು ಬಳಸಬಾರದು ಎಂದು ಆಜ್ಞೆಯಾಯಿತು. “ಸರ್ಕಾರಕ್ಕೆ ಸೇರಿನ ಮೇಲೆ ಎಂತ ಸಿಟ್ಟ್?” ಎಂದು ಪದ್ದಮ್ಮ ಬೈದರು. ಸೇರು, ಪಾವು, ಕುಡ್ತೆ, ತೂಕದ ಬಟ್ಟುಗಳು ಎಲ್ಲ ಮೂಲೆಗೆ ಬಿದ್ದವು. ವನಜಕ್ಕ ಅವನ್ನು ತೊಳೆದು ಸುಮತಿಗೆ ಆಡಲು ಕೊಟ್ಟಳು. ನಾವುಂದದಲ್ಲಿ ಪೂರ್ತಿ ಒಂದು ಅಂಗಡಿಯ ಅಳತೆಗಳನ್ನು ಆಟಿಕೆಯಾಗಿ ಪಡೆದ ಮಗು ಅವಳೊಬ್ಬಳೇ ಇರಬೇಕು.

ಸುಮತಿಗೆ ಆಗ ಶಾಲೆಯ ವಯಸ್ಸೂ ಆಗಿರಲಿಲ್ಲ. ಬಾವಿಕಟ್ಟೆಯ ಬಳಿ ಕೂತು ನೀರನ್ನು ಕುಡ್ತೆಯಿಂದ ಪಾವಿಗೆ, ಪಾವಿನಿಂದ ಸೇರಿಗೆ ಸುರಿಯುವುದೇ ಅವಳ ಲೋಕ. ತಾಯಿ ಬಟ್ಟೆ ಒಗೆಯುತ್ತ, “ಇನ್ನ್ ಎಷ್ಟ್ ಹಾಕಿರೆ ತುಂಬತ್ತ್, ಹೇಳ್ ಕಾಂಬ” ಎನ್ನುವುದು. ಮಗಳು ಒಂದು ಅಂದಾಜು ಹೇಳುವುದು, ಸುರಿದು ನೋಡುವುದು, ತಪ್ಪಾದರೆ ಇಬ್ಬರೂ ನಗುವುದು. ಒಮ್ಮೆ ಅಂಗಡಿಯ ಹೊಸ ಲೀಟರಿನ ಅಳತೆಯನ್ನೂ ಕದ್ದು ತಂದು ಹೋಲಿಸಿ ನೋಡುವ ಮನಸ್ಸಾಗಿ, ಅದರಲ್ಲಿದ್ದ ತೆಂಗಿನೆಣ್ಣೆಯನ್ನು ಅಂಗಳದಲ್ಲಿ ನಿಂತಿದ್ದ ನೀರಿಗೆ ಚೆಲ್ಲಿದಳು. ನಾರಾಯಣ ಕೋಲು ಹಿಡಿದು ಬಂದರೆ ಅವಳು ಓಡದೆ, “ಅಪ್ಪಯ್ಯ, ಈ ಎಣ್ಣಿ ನೀರಿನ ಮೇಲೆ ನಿಂತಿತ್ತ್, ಕೆಳಗ್ ಹೋತಿಲ್ಲೆ, ಎಂತಕೆ?” ಎಂದು ಕೇಳಿದಳಂತೆ. ಆ ಪ್ರಶ್ನೆ ಬಿಡಿಸುವ ಹೊತ್ತಿಗೆ ಕೋಲು ಎಲ್ಲಿಟ್ಟೆ ಎಂದು ಅವರಿಗೆ ಮರೆತುಹೋಗಿತ್ತು. ಭತ್ತ ನೆನೆಹಾಕುವಾಗ ಜೊಳ್ಳು ತೇಲುವುದು, ಗಟ್ಟಿ ಮುಳುಗುವುದು, ಅಷ್ಟು ಭಾರದ ದೋಣಿ ಮಾತ್ರ ತೇಲುವುದು, ಇವೆಲ್ಲ ಅವಳಿಗೆ ತಲೆಬಿಸಿಯ ವಿಷಯಗಳು. ತಾಯಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಲು ನಾಚಿಕೆಯೂ ಇರಲಿಲ್ಲ. “ನಂಗೂ ಗೊತ್ತಿಲ್ಲೆ ಮಗಾ, ನಾಳೆ ಟೀಚರಲ್ಲಿ ಕೇಂಬ” ಎನ್ನುತ್ತಿದ್ದಳು. ನಾನು ರಾತ್ರಿ ಕೂತು ಓದಬೇಕಾಗುತ್ತಿತ್ತು.

ಒಂದನೇ ಕ್ಲಾಸಿಗೆ ಸುಮತಿ ಬಂದಾಗ ನಾನು ಅವಳಿಗೆ ಲೆಕ್ಕ ಕಲಿಸಿದೆ ಎಂದು ಹೇಳಿದರೆ ಸುಳ್ಳಾದೀತು. ಅವಳು ತಂದಿದ್ದ ಲೆಕ್ಕಕ್ಕೆ ನಾನು ಹೆಸರು ಕೊಟ್ಟೆ. ಇದು ಕೂಡುವುದು, ಇದು ಕಾಲು ಭಾಗ, ಇದು ಅರ್ಧ. ಹೆಸರು ಕೇಳಿದ ಕೂಡಲೇ “ಓ, ಅದಾ!” ಎನ್ನುತ್ತಿದ್ದಳು.

ಇದನ್ನೆಲ್ಲ ಓದಿ, ಮನೆಯಲ್ಲಿ ಆಡಿದ ಮಕ್ಕಳೆಲ್ಲ ಮುಂದೆ ಬಂದರು ಎಂದು ತಿಳಿಯಬೇಡಿ. ನಾಲ್ಕನೇ ಕ್ಲಾಸು ಮುಗಿದ ಮೇಲೆ ಗುಲಾಬಿ ಶಾಲೆಗೆ ಬರಲಿಲ್ಲ. ಆ ಹೊತ್ತಿಗೆ ಅವಳು ಸ್ಲೇಟಿನ ಲೆಕ್ಕದಲ್ಲೂ ರಘುವನ್ನು ಹಿಂದೆ ಹಾಕಿದ್ದಳು. ನಾನು ಮನೆಗೆ ಹೋದೆ. ತಾಯಿ ಬುಟ್ಟಿ ತಲೆಗೇರಿಸಿಕೊಂಡು ಹೊರಟಿದ್ದಳು.

“ಅವ್ಳ್ ಶಾಲಿಗೆ ಬಂದ್ರೆ ಈ ಮಕ್ಳನ್ನ ಕಾಂಬುದ್ ಯಾರ್ ಟೀಚರೇ? ನೀವ್ ಹೇಳಿ.”

ಜಗಲಿಯಲ್ಲಿ ಗುಲಾಬಿ ಚಿಕ್ಕ ತಮ್ಮನನ್ನು ಕಾಲ ಮೇಲೆ ಮಲಗಿಸಿ ತಟ್ಟುತ್ತಿದ್ದಳು. ಮನೆ ಮಗುವಿಗೆ ಎಷ್ಟೇ ಕೊಡಲಿ, ಮುಂದೆ ಹೋಗಲು ದಾರಿಯನ್ನೂ ಯಾರಾದರೂ ಬಿಡಬೇಕು. ಆ ದಿನ ವಾಪಸು ಬರುವಾಗ ಹೊಯ್ಗೆಯಲ್ಲಿ ಕಾಲು ಎಳೆದುಕೊಂಡು ಬಂದೆ.

ಆಮೇಲೆ ನನ್ನನ್ನು ಕೋಟಕ್ಕೆ ವರ್ಗ ಮಾಡಿದರು. ನಾವುಂದದಲ್ಲಿ ಕಲಿತದ್ದನ್ನು ಅಲ್ಲಿ ದೊಡ್ಡದಾಗಿ ಮಾಡಿ ತೋರಿಸುತ್ತೇನೆ ಎಂಬ ಹುಮ್ಮಸ್ಸು. ತಾಯಂದಿರ ಸಭೆ ಎಂದು ಸಾರಿದೆ. ಬೆಂಚು ಜೋಡಿಸಿ, ಪಾನಕ ಮಾಡಿಸಿ, ಭಾಷಣ ಬಾಯಿಪಾಠ ಮಾಡಿ ಕಾದೆ. ಬಂದದ್ದು ಒಬ್ಬರು ಅಜ್ಜ. ಅವರೂ ಪೋಸ್ಟಾಫೀಸು ಎಂದು ತಪ್ಪಿ ಬಂದವರು. ಅದು ಕೊಯ್ಲಿನ ಕಾಲ, ಹೆಂಗಸರೆಲ್ಲ ಗದ್ದೆಯಲ್ಲಿದ್ದರು. ಬಾರ್ಕೂರಿನ ಗದ್ದೆಗಳ ನಡುವೆ ಹುಟ್ಟಿ ಬೆಳೆದ ನನಗೆ ಅದು ನೆನಪಾಗಲಿಲ್ಲ. ಅಜ್ಜ ಎರಡು ಲೋಟ ಪಾನಕ ಕುಡಿದು, ನನ್ನ ಭಾಷಣವನ್ನು ಪೂರ್ತಿ ಕೇಳಿ, “ಲಾಯ್ಕ್ ಆಯ್ತ್” ಎಂದು ಹೋದರು. ಮರುದಿನದಿಂದ ನಾನೇ ಗದ್ದೆಯ ಅಂಚಿಗೆ ಹೋಗತೊಡಗಿದೆ. ಹೆಂಗಸರು ಎಲೆಯಡಿಕೆಗೆ ಕೂರುವ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ಮಾತಾಡಿದರೆ ಸಭೆಗಿಂತ ಹೆಚ್ಚು ಕೆಲಸವಾಯಿತು. ಹೊಸಬರಿಗೆ ಹೇಳುತ್ತೇನೆ, ತಾಯಂದಿರನ್ನು ಶಾಲೆಗೆ ಕರೆಯುವ ಮೊದಲು ಅವರಿದ್ದಲ್ಲಿಗೆ ಒಮ್ಮೆ ಹೋಗಿ ಬನ್ನಿ.

ಕೆಲವು ವರ್ಷ ಕಳೆದು ನಾನು ಮತ್ತೆ ನಾವುಂದಕ್ಕೆ ಬಂದಾಗ ರಘು ಪಾಲಿಟೆಕ್ನಿಕ್ಕಿನಲ್ಲಿದ್ದ. ಹೈಸ್ಕೂಲಿನಲ್ಲಿ ಲೆಕ್ಕದಲ್ಲಿ ಮೊದಲಿಗನಲ್ಲ, ಹಿಂದೆ ಬಿದ್ದವನೂ ಅಲ್ಲ. ಯಂತ್ರ ಕಂಡರೆ ಮಾತ್ರ ಬಿಚ್ಚಿ ನೋಡದೆ ಇರುತ್ತಿರಲಿಲ್ಲ. ಸುಮತಿ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನವನ್ನೇ ಆರಿಸಿಕೊಂಡಿದ್ದಳು. ಆ ತರಗತಿಯಲ್ಲಿ ಹುಡುಗಿ ಅವಳೊಬ್ಬಳೇ. ಸಂಜೆ ಅವರ ಮನೆಗೆ ಹೋದರೆ ತಾಯಿ ಮಗಳು ಒಂದೇ ಪುಸ್ತಕದ ಮೇಲೆ ತಲೆ ಬಗ್ಗಿಸಿರುತ್ತಿದ್ದರು. ಮಗಳು ಬೀಜಗಣಿತ ಮಾಡುವುದು, ತಾಯಿ ಒಪ್ಪದೆ ಪ್ರಶ್ನೆ ಹಾಕುವುದು. “ಆ ಎಕ್ಸ್ ಅಂದ್ರೆ ಎಷ್ಟ್ ಅಂತ ಮೊದ್ಲೇ ಹೇಳುಕಾತಿಲ್ಯಾ ಅವ್ರಿಗೆ?” ಎಂದು ವನಜಕ್ಕ ಕೇಳಿದ್ದು ನನಗೆ ಇನ್ನೂ ನೆನಪಿದೆ.

ಸುಮತಿ ಹತ್ತಿರದ ಶಾಲೆಗಳಲ್ಲೇ ಯಾರಿಗೂ ಬರದಷ್ಟು ಅಂಕ ತೆಗೆದು ಪಾಸಾದಳು. ಕುಂದಾಪುರದಲ್ಲಿ ಕಾಲೇಜು ಇತ್ತು. ಅದೇ ಸಮಯಕ್ಕೆ ಬೊಂಬಾಯಿಯಿಂದ ಒಂದು ಸಂಬಂಧವೂ ಬಂತು. ಪದ್ದಮ್ಮ ನನಗೆ ಹೇಳಿಕಳಿಸಿದರು. ನಾನು ಹೋದಾಗ ಜಗಲಿಯಲ್ಲಿ ಎಲ್ಲರೂ ಇದ್ದರು. ಅಜ್ಜ ತೀರಿಹೋಗಿದ್ದರು. ಪದ್ದಮ್ಮ ಎಲೆಯಡಿಕೆ ಕುಟ್ಟಿಕೊಳ್ಳುತ್ತಿದ್ದರು. ಸುಮತಿ ಬಾಗಿಲ ಸಂದಿಯಲ್ಲಿ ನಿಂತಿದ್ದಳು, ಕಣ್ಣು ಕೆಂಪಾಗಿತ್ತು.

“ಬನ್ನಿ ಟೀಚರೇ, ಕೂಕಣಿ” ಎಂದರು ನಾರಾಯಣ. “ಒಳ್ಳೆ ಮನಿ. ಹುಡ್ಗನಿಗೆ ಸ್ವಂತ ಹೋಟ್ಲಿತ್ತ್. ಇಂಥ ಸಂಬಂಧ ಬಿಟ್ರೆ ಮತ್ತೆ ಸಿಕ್ಕತ್ತಾ? ಹೆಣ್ಣ್ ಮಕ್ಳ್ ಸಾಯನ್ಸ್ ಓದಿ ಎಂತ ಮಾಡುಕಿತ್ತ್?”

ನನಗೆ ಗುಲಾಬಿಯ ಜಗಲಿ ನೆನಪಾಯಿತು. ನಾನು ಏನಾದರೂ ಹೇಳುವ ಮೊದಲೇ ವನಜಕ್ಕ ಒಳಗಿನಿಂದ ಹೊರಗೆ ಬಂದಳು. ಅತ್ತೆಯ ಎದುರು, ಗಂಡನ ಎದುರು ಅವಳು ಸ್ವರ ಎತ್ತಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

“ಅವ್ಳ್ ಕಾಲೇಜಿಗೆ ಹೋತ್ಲ್” ಎಂದಳು.

“ನಿನ್ನನ್ನ ಕೇಂಡವ್ರ್ ಯಾರ್?” ಎಂದರು ನಾರಾಯಣ.

“ಯಾರೂ ಕೇಣಲಿಲ್ಲೆ. ಅದಕ್ಕೇ ಹೇಳಿದ್ದ್.” ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. “ಅವ್ಳ್ ಎಂತ ಮಾಡ್ತ್ಲ್ ಅಂತ ನಂಗೊತ್ತಿಲ್ಲೆ. ಕಲ್ತ್ ಮೇಲೆ ಅವ್ಳೇ ಹೇಳ್ಲಿ. ಅರ್ಧಕ್ಕೆ ನಿಲ್ಸುದ್ ಮಾತ್ರ ಬ್ಯಾಡ.”

ಎಲ್ಲರೂ ಪದ್ದಮ್ಮನ ಕಡೆ ನೋಡಿದರು. ಅವರು ಕುಟ್ಟುವುದನ್ನು ನಿಲ್ಲಿಸಿ, ಎಲೆಯಡಿಕೆ ಬಾಯಿಗೆ ಹಾಕಿ, ನಿಧಾನಕ್ಕೆ ಜಗಿದರು.

“ಕುಂದಾಪುರಕ್ಕೆ ಹೋದ್ರೆ ಸಂಜಿಗೆ ಮನಿಗೆ ಬತ್ಲಾ, ಟೀಚರೇ?”

“ಬತ್ಲ್ ಪದ್ದಮ್ಮ. ಬಸ್ಸಿತ್ತಲ್ದಾ.”

“ಬೊಂಬಾಯಿಗೆ ಹೋದ್ರೆ?”

“ವರ್ಷಕ್ಕೊಮ್ಮೆ ಬಂದಾಳು.”

“ಮತ್ತೆ ಆಸಾಡಿಲಿ ನಾನ್ ಯಾರ್ ಒಟ್ಟಿಗೆ ಚೆನ್ನೆಮಣಿ ಆಡುದ್?” ಎಂದು ಅವರು ಮಗನ ಕಡೆ ತಿರುಗಿದರು. “ಈ ಮನಿಲಿ ನನ್ನ ಸೋಲ್ಸೂದ್ ಅವ್ಳೊಬ್ಳೇ. ನಿಂಗೆ ಆಡುಕೆ ಬತ್ತಾ? ಬೊಂಬಾಯಿಯವ್ರಿಗೆ ಹೇಳ್, ಹೆಣ್ಣಿಗೆ ಈಗ ಪುರ್ಸೊತ್ತಿಲ್ಲೆ ಅಂತ.”

ನಾರಾಯಣ ನಗಲೂ ಆಗದೆ ಸಿಟ್ಟಾಗಲೂ ಆಗದೆ ಅಂಗಡಿಗೆ ಹೋದರು. ಪದ್ದಮ್ಮ ನಿಜವಾಗಿ ಆಟಕ್ಕಾಗಿ ಹೇಳಿದರೋ, ಸೊಸೆಯ ಮಾತು ಗೆದ್ದದ್ದು ಕಾಣದ ಹಾಗೆ ಗೆಲ್ಲಿಸಿದರೋ, ನನಗೆ ಕೊನೆವರೆಗೂ ತಿಳಿಯಲಿಲ್ಲ. ಅವರಲ್ಲಿ ಕೇಳುವ ಧೈರ್ಯ ನನಗಿರಲಿಲ್ಲ.

ಕಾಲೇಜು ಶುರುವಾದ ದಿನ ಮಳೆ ಬಿಟ್ಟು ಹೊಳವಾಗಿತ್ತು. ಹೆದ್ದಾರಿಯ ಬದಿಯಲ್ಲಿ ವನಜಕ್ಕ, ಸುಮತಿ, ನಾನು ಬಸ್ಸಿಗೆ ಕಾದೆವು. ಬಸ್ಸು ಬಂತು, ಹುಡುಗಿ ಹತ್ತಿದಳು, ಕಿಟಕಿಯಿಂದ ಕೈ ಬೀಸಿದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ವನಜಕ್ಕ ನೋಡುತ್ತಿದ್ದಳು. ಅಳುತ್ತಾಳೆ ಎಂದು ನಾನು ಸೆರಗು ಹುಡುಕಿಕೊಂಡೆ. ಅವಳು ಅಳಲಿಲ್ಲ.

“ಟೀಚರೇ, ಬೀಜಗಣಿತ ಅರ್ಧಕ್ಕೆ ನಿಂತಿತ್ತ್” ಎಂದಳು. “ಸುಮತಿಗೆ ಇನ್ನ್ ಪುರ್ಸೊತ್ತಿಲ್ಲೆ. ನೀವ್ ಹೇಳಿ ಕೊಡ್ತ್ರ್ಯಾ?”

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬನ್ನಿ ಎಂದೆ. ಬರುತ್ತಾಳೋ ಇಲ್ಲವೋ ಎಂದು ನನಗೆ ಅನುಮಾನವಿತ್ತು. ಶನಿವಾರ ಮಕ್ಕಳೆಲ್ಲ ಹೋದ ಮೇಲೆ ಬಾಗಿಲು ಹಾಕಲು ಹೊರಟಾಗ ಅಂಗಳದಲ್ಲಿ ಮಾತು ಕೇಳಿಸಿತು. ವನಜಕ್ಕ ಬಂದಿದ್ದಳು. ಒಬ್ಬಳೇ ಅಲ್ಲ, ನೆರೆಮನೆಯ ಇಬ್ಬರು ಹೆಂಗಸರನ್ನೂ ಕರೆತಂದಿದ್ದಳು, ಅವರ ಸೊಂಟದಲ್ಲಿ ಎರಡು ಮಕ್ಕಳು. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಮೂವರೂ ಕೂತರು. ನಾನು ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಕಡೆ ತಿರುಗಿದೆ.